ಬ್ರನ್ಸ್‌ವಿಕ್‌ನಲ್ಲಿ ಒಂದು ಮಧ್ಯಾಹ್ನ

ಬಾಸ್ಟನ್‌ನ ನಾರ್ತ್ ಸ್ಟೇಷನ್‌ನಲ್ಲಿ ತಂಗಿಯ ಜೊತೆ ಡೌನ್‌ಈಸ್ಟರ್ ರೈಲು ಹತ್ತಿದೆ. ಮೂರು ಗಂಟೆ ಚಿಲ್ಲರೆ ಪ್ರಯಾಣ. ಇಳಿದದ್ದು ಮೇನ್ ರಾಜ್ಯದ ಬ್ರನ್ಸ್‌ವಿಕ್‌ನಲ್ಲಿ. ಅಲ್ಲಿಂದ ನಡೆದೇ ಅಮೆರಿಕದ ಅಂತರ್ಯುದ್ಧದ ಸೇನಾನಿ ಜೋಶುವಾ ಚೇಂಬರ್ಲೇನ್ ಅವರ ಮನೆಗೆ ಹೋದೆವು.

ಮೊದಲು ಕಣ್ಣಿಗೆ ಬಿದ್ದದ್ದು ಚಿಮಣಿ ಮೇಲಿನ ಕೆಂಪು ಶಿಲುಬೆ. ಆ ಯುದ್ಧದಲ್ಲಿ ಅವರಿದ್ದ ಸೇನಾ ವಿಭಾಗದ ಗುರುತು ಅದು. ಈ ಮನೆಯಲ್ಲಿ ಮೇಲಿನ ಮಹಡಿಯೇ ಹಳೆಯದು, ಕೆಳಗಿನದು ಹೊಸದು! 1871ರಲ್ಲಿ ಇಡೀ ಮನೆಯನ್ನು ಮೇಲಕ್ಕೆತ್ತಿಸಿ, ಅದರಡಿಯಲ್ಲಿ ಇನ್ನೊಂದು ಮಹಡಿ ಕಟ್ಟಿಸಿದರು. ಬಾಗಿ ಏರುವ ಮೆಟ್ಟಿಲಿನ ಹತ್ತಿರ ಸುಮಾರು ಹೊತ್ತು ನಿಂತಿದ್ದೆ.

ಚೇಂಬರ್ಲೇನ್ ಇದೇ ಊರಿನ ಬೌಡಿನ್ ಕಾಲೇಜಿನ ಮೇಷ್ಟ್ರು. 1862ರಲ್ಲಿ ಸೇನೆ ಸೇರಿದರು. ಮರುವರ್ಷ ಗೆಟಿಸ್‌ಬರ್ಗ್ ಕದನದಲ್ಲಿ, ಲಿಟ್ಲ್ ರೌಂಡ್ ಟಾಪ್ ಗುಡ್ಡದ ಮೇಲೆ ಗುಂಡುಗಳು ಮುಗಿಯುತ್ತಾ ಬಂದಾಗ, ಅವರ 20ನೇ ಮೇನ್ ಪಡೆ ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ) ಹಿಡಿದು ಇಳಿಜಾರಿನಲ್ಲಿ ನುಗ್ಗಿತು. 1864ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಗುಂಡೊಂದು ಸೊಂಟದಲ್ಲಿ ತೂರಿಹೋಯಿತು. ಸತ್ತರೆಂದು ಪತ್ರಿಕೆಯಲ್ಲೂ ಬಂತು. ಬದುಕಿದರು, ಆದರೆ ಗಾಯ ಪೂರ್ತಿ ಮಾಯಲೇ ಇಲ್ಲ. ಆಮೇಲೆ ನಾಲ್ಕು ಸಲ ಮೇನ್ ರಾಜ್ಯದ ಗವರ್ನರ್ ಆಗಿ ಗೆದ್ದರು. ಆಗೆಲ್ಲ ಅವಧಿ ಒಂದೊಂದೇ ವರ್ಷ. ಅಷ್ಟನ್ನೂ ಆ ನೋವಿನಲ್ಲೇ ಮಾಡಿದರು.

ನಾನು ಬಂದದ್ದು ಗೆಟಿಸ್‌ಬರ್ಗ್ ಸೇನಾನಿಯ ಮನೆ ನೋಡೋಣ ಅಂತ. ಮನಸ್ಸು ಕಟ್ಟಿಹಾಕಿದ್ದು ಮಾತ್ರ 1880ರ ಜನವರಿಯ ಕಥೆ. ರಾಜ್ಯದ ರಾಜಧಾನಿ ಅಗಸ್ಟಾದಲ್ಲಿ ಚುನಾವಣೆ ಫಲಿತಾಂಶದ ಜಗಳ ವಿಪರೀತಕ್ಕೆ ಹೋಗಿತ್ತು. ನಾವೇ ಗೆದ್ದದ್ದು ಅಂತ ಎರಡೂ ಕಡೆಯವರು. ಗವರ್ನರ್ ಕುರ್ಚಿ ಖಾಲಿ. ಬೀದಿಯಲ್ಲಿ ಆಯುಧ ಹಿಡಿದ ಜನ. ರಾಜ್ಯದ ಮಿಲಿಷಿಯಾದ (ನಾಗರಿಕ ಸೇನೆಯ) ಮುಖ್ಯಸ್ಥರಾಗಿದ್ದ ಚೇಂಬರ್ಲೇನ್ 12 ದಿನ ಶಾಸನಭವನವನ್ನು ಕಾಯ್ದರು. ಸೈನಿಕರನ್ನು ಕರೆಸಿ ಅಂತ ಸ್ವಂತ ಪಕ್ಷದವರೇ ಒತ್ತಾಯ ಮಾಡಿದರೂ ಕರೆಸಲಿಲ್ಲ. ಒಂದು ದಿನ ಕೊಲ್ಲುತ್ತೇವೆ ಅಂತ ಗುಂಪೊಂದು ಬಂದಾಗ, ಎದುರಿಗೆ ನಿಂತು ಕೋಟು ಬಿಚ್ಚಿ ಎದೆ ತೋರಿಸಿದರಂತೆ. ಗುಂಪಿನಲ್ಲಿದ್ದ ಹಳೆಯ ಸೈನಿಕನೊಬ್ಬ ಅವರ ಪರ ನಿಂತನಂತೆ. ಕೊನೆಗೆ ಕೋರ್ಟ್ ತೀರ್ಪು ಬಂತು. ಇವರು ಅಧಿಕಾರ ಒಪ್ಪಿಸಿ ಮನೆಗೆ ಹೊರಟರು. ಗುಡ್ಡದ ಮೇಲಿನ ಧೈರ್ಯಕ್ಕಿಂತ ಇದು ದೊಡ್ಡದು ಅಲ್ವಾ? ನನಗಂತೂ ಹಾಗೇ ಅನ್ನಿಸಿತು.

ಸಂಜೆ ಕಾಲೇಜಿನ ಪಕ್ಕದ ಪೈನ್ ಗ್ರೋವ್ ಸ್ಮಶಾನಕ್ಕೆ ಹೋದೆವು. ಹುಡುಕಬೇಕಾಯಿತು, ಅಷ್ಟು ಚಿಕ್ಕ ಕಲ್ಲು. ಹೆಸರು, 1828, 1914. ಜನರಲ್ ಅಂತಿಲ್ಲ, ಗವರ್ನರ್ ಅಂತಿಲ್ಲ. ಪಕ್ಕದಲ್ಲೇ ಹೆಂಡತಿ ಫ್ಯಾನಿಯ ಸಮಾಧಿ. ಕಲ್ಲಿನ ಮೇಲೆ ಯಾರೋ ಇಟ್ಟುಹೋದ ಲಿಂಕನ್ ಮುಖದ ಒಂದು ಸೆಂಟಿನ ನಾಣ್ಯಗಳು, ಮಳೆಗೆ ಕಪ್ಪಾಗಿದ್ದವು. ತಂಗಿ ಪರ್ಸ್ ತಡಕಾಡಿ ಒಂದು ನಾಣ್ಯ ನನ್ನ ಕೈಗಿಟ್ಟಳು.