ಹೊಲಿಗೆ ಕಲಿತಾಯ್ತು, ಗಿರಾಕಿ ಎಲ್ಲಿ?

ನಾನಿರುವುದು ಕೆನ್ಯಾದ ವಾಯವ್ಯ ಮೂಲೆಯ ತುರ್ಕಾನಾದಲ್ಲಿ. ಇಲ್ಲಿನ ಕಾಕುಮಾ ನಿರಾಶ್ರಿತರ ಶಿಬಿರ ಶುರುವಾಗಿದ್ದು 1992ರಲ್ಲಿ, ಸುಡಾನಿನ ಯುದ್ಧದಿಂದ ತಪ್ಪಿಸಿಕೊಂಡು ಬಂದ ಹುಡುಗರಿಗಾಗಿ. ಶಿಬಿರ ಅಂದರೆ ಸಾಲು ಸಾಲು ಡೇರೆ ಅಂದುಕೊಳ್ಳಬೇಡಿ. ಮಣ್ಣಿಟ್ಟಿಗೆಯ ಗೋಡೆ, ತಗಡಿನ ಮಾಡು, ಸುತ್ತ ಬಳ್ಳಾರಿ ಜಾಲಿ, ಬೀದಿ ತುಂಬ ಅಂಗಡಿ. ವಿಶ್ವ ಬ್ಯಾಂಕ್ ಬಳಗದ ಐಎಫ್‌ಸಿ 2018ರಲ್ಲಿ ಪ್ರಕಟಿಸಿದ ವರದಿ ಪ್ರಕಾರ ಇಲ್ಲಿ 2 ಸಾವಿರಕ್ಕೂ ಜಾಸ್ತಿ ಅಂಗಡಿಗಳಿದ್ದವು.

ನನ್ನ ಕೆಲಸ ಕಸುಬು ಕಲಿಸುವ ಕೇಂದ್ರದಲ್ಲಿ. ಹೊಲಿಗೆ, ವೆಲ್ಡಿಂಗ್, ಸೋಲಾರ್ ವೈರಿಂಗ್. ಜನ ಬೇಗ ಕಲಿಯುತ್ತಾರೆ. ಕಷ್ಟ ಇರುವುದು ಕಲಿತ ಮೇಲೆ.

ಕಾಂಗೋದಿಂದ ಬಂದ ಒಬ್ಬ ಹೆಂಗಸು ನಮ್ಮಲ್ಲಿ ಹೊಲಿಗೆ ಕಲಿತಳು. ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈ. ತರಬೇತಿ ಮುಗಿಯಿತು, ಸರ್ಟಿಫಿಕೇಟ್ ಬಂತು, ಮಷೀನು ಮಾತ್ರ ಕೇಂದ್ರದಲ್ಲೇ ಉಳಿಯಿತು. ಈಗ ಪಕ್ಕದವರ ಹಳೇ ಮಷೀನನ್ನು ಸಂಜೆ ಹೊತ್ತು ಬಾಡಿಗೆಗೆ ತುಳಿಯುತ್ತಾಳೆ. ಬಾಬಿನ್ ಕೇಸ್ ಸವೆದಿದೆ, ನಾಲ್ಕು ಹೊಲಿಗೆಗೊಮ್ಮೆ ದಾರ ಕಟ್ಟಾಗುತ್ತದೆ. ಬೆನ್ನಿಗೆ ಮಗು ಕಟ್ಟಿಕೊಂಡೇ ಬಗ್ಗಿ ಮತ್ತೆ ಪೋಣಿಸುತ್ತಾಳೆ.

ಮಷೀನು ಕೊಟ್ಟುಬಿಟ್ಟರೆ ಸಾಕಾ? ಸಾಲದು. ಕೊಳ್ಳುವವರೂ ನಿರಾಶ್ರಿತರೇ ಅಲ್ವಾ? ಅವರ ಕೈಯಲ್ಲಿ ಓಡಾಡುವ ದುಡ್ಡಿನಲ್ಲಿ ದೊಡ್ಡ ಪಾಲು ನೆರವಿನದ್ದು. ರೇಷನ್ ಕಡಿತವಾದ ತಿಂಗಳು ಹೊಸ ಬಟ್ಟೆ ಯಾರು ಹೊಲಿಸುತ್ತಾರೆ? ಹೊರಗಿನ ಪೇಟೆಗೆ ಹೋಗೋಣ ಅಂದರೆ ಶಿಬಿರ ಬಿಡಲು ಪಾಸ್ ಬೇಕು. 2021ರ ನಿರಾಶ್ರಿತರ ಕಾಯ್ದೆ ದುಡಿಯುವ ಹಕ್ಕನ್ನೇನೋ ಕೊಟ್ಟಿದೆ. ಆದರೆ ವರ್ಕ್ ಪರ್ಮಿಟ್ ಕೈಗೆ ಸಿಗುವುದು ಅಪರೂಪ. ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರುವ ನಿರಾಶ್ರಿತ ಮೇಷ್ಟ್ರಿಗೂ ಸಿಗುವುದು ‘ಇನ್ಸೆಂಟಿವ್’ ಅನ್ನುವ ಸಣ್ಣ ಭತ್ಯೆ, ಸಂಬಳವಲ್ಲ. ಅದೇ ಪಾಠ ಮಾಡುವ ಕೆನ್ಯಾದವರಿಗಿಂತ ಎಷ್ಟೋ ಕಡಿಮೆ. ಇದು ನನಗೆ ಈಗಲೂ ಒಪ್ಪಿಗೆಯಾಗದ ಮಾತು.

ಹಾಗಾಗಿ ನಾನು ಕೇಂದ್ರದಲ್ಲಿ ಹಟ ಹಿಡಿಯುವುದು ಒಂದಕ್ಕೇ: ಮೊದಲು ಕೆಲಸ ಕೊಡುವವರನ್ನು ಹುಡುಕಿ, ಆಮೇಲೆ ತರಗತಿ ಶುರು ಮಾಡಿ. ಶಿಬಿರದ ಶಾಲೆಗಳಲ್ಲಿ ಮಕ್ಕಳು ಕಿಕ್ಕಿರಿದಿದ್ದಾರೆ. ಅವರ ಯೂನಿಫಾರ್ಮು ದೂರದ ಪೇಟೆಯಿಂದ ಯಾಕೆ ಬರಬೇಕು? ಕಲಿಯುವವರ ಪಟ್ಟಿಯಲ್ಲಿ ತುರ್ಕಾನಾದವರೂ ಇರಬೇಕು. ಈ ನೆಲ ಅವರದು, ಬಡತನ ಅವರಿಗೂ ಇದೆ.

ನೀವು ಇಂಥ ಕೆಲಸಕ್ಕೆ ದುಡ್ಡು ಕಳಿಸುವವರಾದರೆ, ಎಷ್ಟು ಜನರಿಗೆ ತರಬೇತಿ ಕೊಟ್ಟಿರಿ ಅಂತಷ್ಟೇ ಕೇಳಬೇಡಿ. ವರ್ಷದ ನಂತರ ಅವರಲ್ಲಿ ಎಷ್ಟು ಮಂದಿ ಅದೇ ಕಸುಬಿನಲ್ಲಿದ್ದಾರೆ, ಏನು ಸಂಪಾದಿಸುತ್ತಿದ್ದಾರೆ ಅಂತ ಕೇಳಿ.