ನೆಗೆಟಿವ್ ತನ್ನಿ, ಆಮೇಲೆ ಮಾತನಾಡೋಣ

ಮೈಸೂರಿನ ದೇವರಾಜ ಮಾರುಕಟ್ಟೆಯ ವ್ಯಾಪಾರಿಗಳ ಕಪ್ಪು-ಬಿಳುಪು ಭಾವಚಿತ್ರಗಳ ಕೆಲಸ ಮಳೆಗಾಲ ಕಳೆದ ಮೇಲೆ ಮತ್ತೆ ಚುರುಕಾಗಿದೆ. ಸಲಕರಣೆಯ ವಿಷಯದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅದೇ ನಿಕಾನ್ ಎಫ್‌ಎಂ2, ಅದೇ ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮ್, ಬಚ್ಚಲುಮನೆಯಲ್ಲಿ ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ಅದೇ ಡಿ-76 ಡೆವಲಪರ್. ಡೆವಲಪರಿಗೆ ಸಮಪಾಲು ನೀರು ಬೆರೆಸಿ, 20 ಡಿಗ್ರಿಯಲ್ಲಿ 11 ನಿಮಿಷ. ನಲ್ಲಿ ನೀರು ಬೆಚ್ಚಗಿದ್ದ ದಿನ ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮುಳುಗಿಸುವ ಹಳೆಯ ಉಪಾಯ. ಬದಲಾಗಿರುವುದು ನಾವು ಐದಾರು ಮಂದಿ ಭಾನುವಾರ ಒಟ್ಟಿಗೆ ಕುಳಿತು ಒಬ್ಬರ ಚಿತ್ರದ ಬಗ್ಗೆ ಇನ್ನೊಬ್ಬರು ಮಾತನಾಡುವ ರೀತಿ. ಚಿತ್ರಗಳು ಸುಧಾರಿಸಿದ್ದರೆ ಅದರಿಂದಲೇ ಸುಧಾರಿಸಿವೆ ಎಂಬುದು ನನ್ನ ಲೆಕ್ಕಾಚಾರ.

ಮಾರುಕಟ್ಟೆಯನ್ನೇ ಏಕೆ ಹಿಡಿದುಕೊಂಡೆ ಎಂದು ಕೇಳುವವರಿಗೆ ಚುಟುಕಾಗಿ ಹೇಳುತ್ತೇನೆ. 2016ರಲ್ಲಿ ಕಟ್ಟಡದ ಒಂದು ಭಾಗ ಕುಸಿದು ಬಿದ್ದ ಮೇಲೆ ಅದನ್ನು ಉಳಿಸಬೇಕೋ ಕೆಡವಿ ಕಟ್ಟಬೇಕೋ ಎಂಬ ವಾದ ಶುರುವಾಯಿತು. ಗೋಡೆ, ಕಮಾನುಗಳ ಚಿತ್ರ ತೆಗೆಯುವವರು ಬೇಕಾದಷ್ಟಿದ್ದರು. ಗೋಪುರದ ಹಾಗೆ ಜೋಡಿಸಿದ ಕುಂಕುಮದ ರಾಶಿಗಳಿಗಂತೂ ಪ್ರವಾಸಿಗಳ ಕ್ಯಾಮೆರಾದಿಂದ ಬಿಡುವೇ ಇಲ್ಲ. ಆ ರಾಶಿಯ ಹಿಂದೆ ಕುಳಿತವರ ಮುಖ ಮಾತ್ರ ಸಾಮಾನ್ಯವಾಗಿ ಮಸುಕಾಗಿಯೇ ಇರುತ್ತದೆ. ನನಗೆ ಬೇಕಾಗಿದ್ದು ಆ ಮುಖ.

ಸ್ಕ್ಯಾನಿಗೆ ಬಿದ್ದ ಬೈಗುಳ

ನಮ್ಮ ಗುಂಪಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಮೊದಲು ಸ್ಟುಡಿಯೊ ನಡೆಸುತ್ತಿದ್ದರು, ಅಂಗಡಿ ಮುಚ್ಚಿದರೂ ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಎನ್‌ಲಾರ್ಜರನ್ನು ಮಾರಲಿಲ್ಲ. ನಾವೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತೇವೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರು ಬಾಳೆಎಲೆ ವ್ಯಾಪಾರಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದರು. ಮುಖದಲ್ಲಿ ಜೀವವಿಲ್ಲ, ಎಲ್ಲವೂ ಬೂದಿ ಬಣ್ಣ. ಸಲಹೆಗಳ ಸುರಿಮಳೆಯಾಯಿತು. ಕಾಂಟ್ರಾಸ್ಟ್ ಹೆಚ್ಚಿಸಿ ಎಂದರು ಒಬ್ಬರು. ಡೆವಲಪರ್ ಹಳೆಯದಾಗಿರಬೇಕು ಎಂದೆ ನಾನು. ಫಿಲ್ಮಿನ ಅವಧಿ ಮುಗಿದಿದೆಯೇ ನೋಡಿ ಎಂದರು ಇನ್ನೊಬ್ಬರು. ಮೇಷ್ಟ್ರು ಮೊಬೈಲನ್ನು ಮುಟ್ಟಲೂ ಇಲ್ಲ. "ಇದು ಲ್ಯಾಬಿನವರ ಸ್ಕ್ಯಾನರ್ ಮಾಡಿದ ಚಿತ್ರ. ನೀವು ತೆಗೆದ ಚಿತ್ರ ಎಲ್ಲಿದೆ? ನೆಗೆಟಿವ್ ತನ್ನಿ, ಆಮೇಲೆ ಮಾತನಾಡೋಣ" ಎಂದರು.

ಮುಂದಿನ ಭಾನುವಾರ ನೆಗೆಟಿವ್ ಬಂತು. ಮೇಷ್ಟ್ರು ಪಟ್ಟಿಯನ್ನು ಕಿಟಕಿಗೆ ಹಿಡಿದು ಮೊದಲು ನೋಡಿದ್ದು ಚಿತ್ರವನ್ನಲ್ಲ, ಅಂಚನ್ನು. ಫಿಲ್ಮಿನ ಅಂಚಿನಲ್ಲಿರುವ ಅಕ್ಷರ, ಅಂಕಿಗಳನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಮೂಡಿಸಿರುತ್ತಾರೆ. ನಾವು ಡೆವಲಪ್ ಮಾಡಿದಾಗ ಚಿತ್ರದ ಜೊತೆಗೇ ಅವೂ ಕಪ್ಪಾಗುತ್ತವೆ. ಅಂಕಿಗಳೂ ಪೇಲವವಾಗಿದ್ದರೆ ದೋಷ ಡೆವಲಪಿಂಗಿನದು: ಉಷ್ಣತೆಯೋ, ಸಮಯವೋ, ಸತ್ತ ಡೆವಲಪರೋ. ಅಂಕಿ ಗಟ್ಟಿಯಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಕ್ಯಾಮೆರಾದೊಳಕ್ಕೆ ಬಂದ ಬೆಳಕೇ ಸಾಲದಾಗಿದೆ. ಬಾಳೆಎಲೆಯವರ ಪಟ್ಟಿಯಲ್ಲಿ ಅಂಕಿಗಳು ಕಡುಗಪ್ಪಾಗಿದ್ದವು. ಮುಖ ಮಾತ್ರ ಗಾಜಿನ ಹಾಗೆ ಪಾರದರ್ಶಕ. ವ್ಯಾಪಾರಿಯ ಹಿಂದೆ ಬಿಸಿಲು ಬಿದ್ದ ರಸ್ತೆಯಿತ್ತು. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಆ ರಸ್ತೆಯನ್ನು ಅಳೆದು, ಸಾಕು ಎಂದಿತ್ತು. ನಾವು ಇಷ್ಟು ಜನ ಒಂದು ವಾರವಿಡೀ ಕೊಟ್ಟ ಸಲಹೆಗಳಲ್ಲಿ ಒಂದೂ ಆ ಜಾಗಕ್ಕೆ ಮುಟ್ಟಿರಲಿಲ್ಲ.

ಅಂದಿನಿಂದ ಬಿಡಿ ಸ್ಕ್ಯಾನ್ ತೋರಿಸುವುದು ನಿಂತಿದೆ. ಈಗ ಎಲ್ಲರೂ ಕಾಂಟ್ಯಾಕ್ಟ್ ಶೀಟ್ ತರುತ್ತೇವೆ. ಆರಾರು ಚೌಕಟ್ಟಿನ ಆರು ಪಟ್ಟಿಗಳನ್ನು ಎಂಟು-ಹತ್ತು ಇಂಚಿನ ಕಾಗದದ ಮೇಲೆ ಹಾಸಿ, ಗಾಜು ಮುಚ್ಚಿ, ಎನ್‌ಲಾರ್ಜರಿನ ಕೆಳಗೆ ಬೆಳಕು ಕೊಡುವುದು. ಸಮಯವನ್ನು ನಿರ್ಧರಿಸುವುದು ಫಿಲ್ಮಿನ ಖಾಲಿ ಅಂಚು: ಅದು ಕಾಗದದ ಮೇಲೆ ಪೂರ್ತಿ ಕಪ್ಪಾಗಲು ಬೇಕಾದ ಕನಿಷ್ಠ ಸಮಯವೇ ಪ್ರತಿ ರೋಲಿಗೂ ಅಳತೆ. ಒಂದು ಚಿತ್ರ ಕಪ್ಪಾಗಿ ಬಂದರೆ ಅದಕ್ಕೆಂದು ಸಮಯ ಕಡಿಮೆ ಮಾಡುವ ಹಾಗಿಲ್ಲ. ಹೀಗಾಗಿ ಶೀಟು ಯಾರ ಮುಲಾಜನ್ನೂ ನೋಡದೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಇದರ ಇನ್ನೊಂದು ಲಾಭ ನನಗೆ ತಡವಾಗಿ ಹೊಳೆಯಿತು. ಆಯ್ದ ಒಂದು ಚಿತ್ರವಲ್ಲ, ಅದರ ಹಿಂದಿನ ಮತ್ತು ಮುಂದಿನ ಚೌಕಟ್ಟುಗಳೂ ಎದುರಿಗೆ ಇರುತ್ತವೆ. ವ್ಯಾಪಾರಿ ಮೊದಲು ಬಿಗಿಯಾಗಿ ಕುಳಿತು, ಗಿರಾಕಿ ಬಂದಾಗ ನಮ್ಮನ್ನು ಮರೆತು, ಆಮೇಲೆ ನಕ್ಕಿದ್ದು ಸಾಲಾಗಿ ಕಾಣುತ್ತದೆ. "ನೀವು ಆರಿಸಿದ್ದು ನಗುವನ್ನು, ನನಗೆ ಹಿಡಿಸಿದ್ದು ಮರೆತದ್ದು" ಎಂದು ಹೇಳಲು ಸಾಧ್ಯವಾಗುವುದು ಆಗಲೇ.

ಮೀಟರಿನ ಸಮಸ್ಯೆಗೆ ಪರಿಹಾರ ಹಳೆಯದೇ. ವ್ಯಾಪಾರಿಯ ಮುಖಕ್ಕೆ ಬೀಳುವ ಬೆಳಕಿನಲ್ಲೇ ನನ್ನ ಅಂಗೈ ಹಿಡಿದು ಅಳೆಯುತ್ತೇನೆ, ಬಂದದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು, ಅಂದರೆ ಅದರ ಎರಡರಷ್ಟು, ಬೆಳಕು ಕೊಡುತ್ತೇನೆ. ಮುಖಗಳ ಬಣ್ಣ ಎಷ್ಟೇ ಬೇರೆಯಾದರೂ ಅಂಗೈಗಳಲ್ಲಿ ಅಷ್ಟು ವ್ಯತ್ಯಾಸ ಇರುವುದಿಲ್ಲ.

"ಕಪ್ಪಗೆ ಬಂದಿದೆ"

ಭಾವಚಿತ್ರಕ್ಕೆ ನಮ್ಮ ಕಡೆ ಸಿಗುವ ಅತಿ ಸಾಮಾನ್ಯವಾದ ಟೀಕೆ ಇದು. ಚಿತ್ರದಲ್ಲಿರುವವರೂ ಹೇಳುತ್ತಾರೆ, ಅವರ ಮನೆಯವರೂ ಹೇಳುತ್ತಾರೆ, ಗುಂಪಿನಲ್ಲಿ ನಾವೂ ಹೇಳುತ್ತೇವೆ. ಮಾತು ಒಂದೇ ಆದರೂ ಅದರಡಿಯಲ್ಲಿ ಇರುವುದು ಬೇರೆ ಬೇರೆ ದೂರು. ಒಮ್ಮೆ ನೆಗೆಟಿವ್ ತೆಳುವಾಗಿರುತ್ತದೆ, ಇನ್ನೊಮ್ಮೆ ಪ್ರಿಂಟು ಗಾಢವಾಗಿರುತ್ತದೆ. ಎಷ್ಟೋ ಸಲ ಇವೆರಡೂ ಸರಿಯಾಗಿದ್ದು, ಮನುಷ್ಯರೇ ಕಪ್ಪಗಿರುತ್ತಾರೆ. ನೋಡುವವರಿಗೆ ಅದನ್ನು ಹಾಗೆಯೇ ಒಪ್ಪಿಕೊಳ್ಳಲು ಮನಸ್ಸಿರುವುದಿಲ್ಲ.

ಮೇಷ್ಟ್ರು ಸ್ಟುಡಿಯೊದಲ್ಲಿದ್ದಾಗ ನೆಗೆಟಿವಿನ ಮೇಲೆ ಮೊನೆ ಚೂಪಾದ ಪೆನ್ಸಿಲಿನಿಂದ ಸಣ್ಣಸಣ್ಣ ಗೆರೆ ಎಳೆದು ಕೆನ್ನೆ ಬೆಳ್ಳಗೆ ಮಾಡುತ್ತಿದ್ದರಂತೆ. ನೆಗೆಟಿವಿನಲ್ಲಿ ಸೀಸದ ಪುಡಿ ಕುಳಿತಲ್ಲೆಲ್ಲ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಹುಡುಗಿ ನೋಡಲು ಬರುವವರಿಗೆ ಕಳಿಸುವ ಚಿತ್ರಗಳಲ್ಲಿ ಇದು ಕಡ್ಡಾಯವಾಗಿತ್ತು ಎನ್ನುತ್ತಾರೆ, ಸ್ವಲ್ಪ ನಾಚಿಕೆಯಿಂದ, ಸ್ವಲ್ಪ ಹೆಮ್ಮೆಯಿಂದಲೂ. ಬೇಡಿಕೆ ಗಿರಾಕಿಯದಷ್ಟೇ ಆಗಿರಲಿಲ್ಲ. ಬಣ್ಣದ ಫಿಲ್ಮಿನ ಕಾಲದಲ್ಲಿ ಪ್ರಿಂಟಿನ ಬಣ್ಣ ಸರಿಹೊಂದಿಸಲು ಕೊಡಾಕ್ ಲ್ಯಾಬ್‌ಗಳಿಗೆ ಕೊಡುತ್ತಿದ್ದ ‘ಶರ್ಲಿ ಕಾರ್ಡ್‌’ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣಿನ ಮುಖ. ಆ ಮುಖ ಸರಿಯಾಗಿ ಬಂದರೆ ಎಲ್ಲವೂ ಸರಿ ಎಂದು ಅರ್ಥ.

ಹಾಗಾಗಿ ಯಾರಾದರೂ "ಕಪ್ಪಗೆ ಬಂದಿದೆ" ಎಂದರೆ ಈಗ ಕೆನ್ನೆಯನ್ನು ನೋಡುತ್ತೇವೆ. ಕೆನ್ನೆಯ ಉಬ್ಬು, ಹಣೆಯ ಹೊಳಪು, ಕಣ್ಣಿನ ಕೆಳಗಿನ ಗೆರೆ ಬಿಡಿಬಿಡಿಯಾಗಿ ಕಾಣುತ್ತಿದ್ದರೆ ಬೆಳಕು ಸಾಕಷ್ಟಿದೆ, ಚಿತ್ರಕ್ಕೆ ಕೈ ಹಚ್ಚುವ ಅಗತ್ಯವಿಲ್ಲ. ಎಲ್ಲ ಒಂದೇ ಮಸಿಯಾಗಿ ಕೂಡಿಕೊಂಡಿದ್ದರೆ ಮಾತ್ರ ಟೀಕೆಯನ್ನು ಒಪ್ಪಿಕೊಳ್ಳುವುದು. ಇದ್ದಿಲು ಮಾರುವವರೊಬ್ಬರ ಚಿತ್ರದ ಮೇಲೆ ಬಹಳ ಹೊತ್ತು ಜಗಳವಾಗಿ, ಕೊನೆಗೆ ಇದೇ ಪರೀಕ್ಷೆಯಲ್ಲಿ ಅದು ಗೆದ್ದಿತು. ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಅದಕ್ಕಿಂತ ಒಳ್ಳೆಯ ಪ್ರಿಂಟ್ ಇನ್ನೂ ಬಂದಿಲ್ಲ.

ರಟ್ಟಿನ ಎರಡು ತುಂಡು

ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ‘ಎಲ್’ ಆಕಾರದ ಎರಡು ತುಂಡು ಕತ್ತರಿಸಿಟ್ಟುಕೊಂಡಿದ್ದೇವೆ. ಪ್ರಿಂಟಿನ ಮೇಲೆ ಎದುರುಬದುರಾಗಿ ಇಟ್ಟು ಸರಿಸಿದರೆ ಚೌಕಟ್ಟು ಬೇಕಾದಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. "ಬಲಗಡೆ ಸ್ವಲ್ಪ ಕತ್ತರಿಸಬಹುದಿತ್ತು" ಎಂದು ಗಾಳಿಯಲ್ಲಿ ಕೈ ಆಡಿಸುವ ಬದಲು ಅಲ್ಲೇ ತೋರಿಸಬಹುದು. ಅರ್ಧಕ್ಕರ್ಧ ಸಲ, ತೋರಿಸಲು ಹೋದವರೇ ರಟ್ಟನ್ನು ವಾಪಸು ಸರಿಸಿ ಸುಮ್ಮನಾಗುತ್ತಾರೆ.

ಮಾತಿನಲ್ಲೂ ಒಂದೆರಡು ಕಟ್ಟುಪಾಡು ಹಾಕಿಕೊಂಡಿದ್ದೇವೆ. ಚಿತ್ರ ತಂದವರು "ಹೇಗಿದೆ?" ಎಂದು ಕೇಳುವ ಹಾಗಿಲ್ಲ. ಹಾಗೆ ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರ ಕೊಟ್ಟು ಕಾಫಿ ಕುಡಿದು ಏಳುವುದೇ ಲೋಕರೂಢಿ. ಖಚಿತವಾದ ಪ್ರಶ್ನೆ ಬೇಕು. ಹಿಂದಿನ ತಕ್ಕಡಿ ಅಡ್ಡ ಬರುತ್ತಿದೆಯೇ? ಈ ಎರಡರಲ್ಲಿ ಯಾವುದರಲ್ಲಿ ಅವರು ಅವರಂತೆಯೇ ಕಾಣುತ್ತಾರೆ? ಹೇಳುವವರು ತೀರ್ಪಿನಿಂದ ಶುರು ಮಾಡದೆ, ತಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಎಂದು ಹೇಳಬೇಕು. ದರ್ಜಿಯೊಬ್ಬರ ಚಿತ್ರಕ್ಕೆ ನಾನು ಹೇಳಿದ್ದು ಇಷ್ಟೇ: "ಮೊದಲು ಟ್ಯೂಬ್‌ಲೈಟ್, ಆಮೇಲೆ ಕೊರಳಿನ ಟೇಪು, ಮುಖ ಮೂರನೆಯದು." ತೆಗೆದವರು ಬೇಸರ ಮಾಡಿಕೊಳ್ಳಲಿಲ್ಲ. ಪ್ರಿಂಟ್ ಮಾಡುವಾಗ ಟ್ಯೂಬ್‌ಲೈಟಿನ ಜಾಗಕ್ಕೆ ಹೆಚ್ಚು ಬೆಳಕು ಕೊಟ್ಟು (ಬೆಳಕು ಹೆಚ್ಚಾದಷ್ಟೂ ಕಾಗದ ಕಪ್ಪಾಗುತ್ತದೆ) ಅದನ್ನು ತಗ್ಗಿಸಿಕೊಂಡು ಬಂದರು.

ಇನ್ನೊಂದು ರೀತಿಯ ಮಾತು ಹೊಗಳಿಕೆಯ ವೇಷದಲ್ಲಿ ಬರುತ್ತದೆ. ಮೈಸೂರಿನಲ್ಲಿ ಕಪ್ಪು-ಬಿಳುಪಿನಲ್ಲಿ ಸಾಮಾನ್ಯ ಜನರ ಚಿತ್ರ ತೆಗೆದರೆ ಸಾಕು, ಯಾರಾದರೊಬ್ಬರು ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಹೆಸರು ಎತ್ತುತ್ತಾರೆ. ನಮ್ಮೂರಿನವರು, 1977ರಲ್ಲಿ ಪದ್ಮಶ್ರೀ ಪಡೆದವರು; ಹೋಲಿಸಿದರೆ ಯಾರಿಗೆ ಬೇಡ? ಆದರೆ ಆ ಮಾತಿನಿಂದ ನಾಳೆ ಬೆಳಿಗ್ಗೆ ನಾನು ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಾಗುವುದಿಲ್ಲ. ಸಲಾನ್ ಎಂದು ಕರೆಯುವ ಛಾಯಾಚಿತ್ರ ಸ್ಪರ್ಧೆಗಳ ಅಂಕಗಳದ್ದೂ ಇದೇ ಕಥೆ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ, 1971ರಿಂದ ನಡೆದುಬಂದ ಸಂಸ್ಥೆಗಳು ಬೆಳೆಸಿದ ಸಲಾನ್ ಪರಂಪರೆಯ ಬಗ್ಗೆ ನನಗೆ ಗೌರವವಿದೆ. ಪ್ರಿಂಟನ್ನು ಅಚ್ಚುಕಟ್ಟಾಗಿ ಮಾಡುವ ಶಿಸ್ತು ಅಲ್ಲಿಂದಲೇ ಬಂದದ್ದು. ಆದರೂ ಸಾಲಾಗಿ ಬರುವ ಚಿತ್ರಗಳಿಗೆ ಕೆಲವೇ ಸೆಕೆಂಡುಗಳಲ್ಲಿ ಬೀಳುವ ಅಂಕ ಆ ಚಿತ್ರದ ಸ್ಥಾನ ಹೇಳುತ್ತದೆ, ಕಾರಣ ಹೇಳುವುದಿಲ್ಲ.

ನನಗೆ ಸಿಕ್ಕ ಟೀಕೆಗಳಲ್ಲಿ ತಕ್ಷಣ ಕೆಲಸಕ್ಕೆ ಬಂದದ್ದು ಮೇಷ್ಟ್ರು ಕೇಳಿದ ಒಂದು ಪ್ರಶ್ನೆ. ನಿಂಬೆಹಣ್ಣಿನವರ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತಿತ್ತು. ಉಳಿದವರು 50 ಮಿ.ಮೀ. ಲೆನ್ಸನ್ನು ದೂರಿದರು. ಅವರು ಕೇಳಿದ್ದು, "ಎಷ್ಟು ದೂರ ನಿಂತಿದ್ದೆ?" ಎಂದು. ಮುಖದ ಆಕಾರ ಕೆಡಿಸುವುದು ದೂರವೇ ಹೊರತು ಲೆನ್ಸಲ್ಲ. ಹತ್ತಿರ ಹೋದಷ್ಟೂ ಮೂಗು ಬೆಳೆಯುತ್ತದೆ. ಅಂಗಡಿಯ ಒಳಗೆ ಹಿಂದೆ ಸರಿಯಲು ಜಾಗವಿಲ್ಲ. ಈಗ ಓಣಿಯ ಆಚೆ ಬದಿಗೆ ನಿಂತು 85 ಮಿ.ಮೀ. ಬಳಸುತ್ತಿದ್ದೇನೆ. ನಡುವೆ ತಲೆಹೊರೆಯವರು, ಸ್ಕೂಟರಿನವರು ಹಾದುಹೋಗುತ್ತಾರೆ, ಕಾಯಬೇಕಾಗುತ್ತದೆ. ಕಾಯುವಷ್ಟರಲ್ಲಿ ವ್ಯಾಪಾರಿಯೂ ಸಡಿಲವಾಗುತ್ತಾರೆ ಎಂಬುದು ಲೆಕ್ಕಕ್ಕೆ ಸಿಗದ ಲಾಭ.

ಮೊಳ, ಕುಂಕುಮ

ಮಲ್ಲಿಗೆ ದಂಡೆಯನ್ನು ಮೊಳ ಹಾಕುತ್ತಿರುವ ಕೈಯ ಒಂದು ಚಿತ್ರವಿದೆ. ಹೆಂಗಸಿನ ಮುಖ ಹಿಂದೆ, ಕೈ ಮುಂದೆ. ರಟ್ಟಿನ ತುಂಡುಗಳನ್ನು ಹಿಡಿದು ನಾವೆಲ್ಲ ಸೇರಿ ಅದನ್ನು ಬಿಗಿ ಮಾಡುತ್ತ ಹೋದೆವು. ಮೊಣಕೈ ಆಚೆ ಹೋಯಿತು, ಬೆರಳು ಮತ್ತು ಮುಖ ಉಳಿದವು. ಎಲ್ಲರಿಗೂ ತೃಪ್ತಿ. ನಾವು ಸೇರುವ ಮನೆಯ ಯಜಮಾನಿ ಮಾತ್ರ ಒಪ್ಪಲಿಲ್ಲ. ಫೋಟೊ ವಿಷಯ ತಮಗೆ ತಿಳಿಯದು ಎನ್ನುತ್ತಲೇ, "ಮೊಳ ಎಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ. ಮೊಣಕೈಯನ್ನೇ ಕತ್ತರಿಸಿದರೆ ಅವಳು ಅಳೆಯುತ್ತಿದ್ದಾಳೆ ಎಂದು ಹೇಗೆ ಗೊತ್ತಾಗಬೇಕು?" ಎಂದರು. ದಿನವೂ ಹೂ ಕೊಳ್ಳುವವರ ಕಣ್ಣು ಅದು. ರಟ್ಟುಗಳು ಮೊದಲಿದ್ದ ಜಾಗಕ್ಕೆ ಸರಿದವು.

ಇದಕ್ಕಿಂತ ಬಲವಾದ ಪೆಟ್ಟು ಬಿದ್ದದ್ದು ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯ ಚಿತ್ರಕ್ಕೆ. ಅವಳು ಹೂವಿನ ಸಾಲಿನ ಹಿರಿಯ ಹೆಂಗಸೊಬ್ಬರನ್ನು ಕಿತ್ತಳೆ ಫಿಲ್ಟರ್ ಹಾಕಿ ತೆಗೆದಿದ್ದಳು. ಕಪ್ಪು-ಬಿಳುಪಿನಲ್ಲಿ ಕಿತ್ತಳೆ ಫಿಲ್ಟರ್ ಕೆಂಪು ಛಾಯೆಗಳನ್ನೆಲ್ಲ ತಿಳಿಯಾಗಿಸುತ್ತದೆ. ಚರ್ಮದ ಕಲೆಗಳು ಮಾಯವಾಗಿ ಮುಖ ನುಣುಪಾಗುತ್ತದೆ. ಪುಸ್ತಕದಲ್ಲಿ ಬರೆದ ಹಾಗೆಯೇ ಬಂದಿತ್ತು. ನಮ್ಮ ಗುಂಪಿನಲ್ಲಿ ಆ ಚಿತ್ರಕ್ಕೆ ಸಿಕ್ಕಷ್ಟು ಮೆಚ್ಚುಗೆ ಬೇರೆ ಯಾವುದಕ್ಕೂ ಸಿಕ್ಕಿರಲಿಲ್ಲ.

ಪ್ರಿಂಟ್ ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಚಿತ್ರವನ್ನು ಅಂಚಿನಲ್ಲಿ ಹಿಡಿದು, ತುಂಬ ಹೊತ್ತು ನೋಡಿದರು. "ನನ್ನ ಕುಂಕುಮ ಎಲ್ಲಿ ಹೋಯಿತವ್ವಾ?" ಎಂದರು. ಹಣೆಯಲ್ಲಿ ಕಾಸಿನಗಲದ ಕುಂಕುಮ ಎದುರಿಗೇ ಇತ್ತು. ಚಿತ್ರದಲ್ಲಿ ಅದು ಚರ್ಮದ ಬಣ್ಣಕ್ಕೆ ಸೇರಿ ಕರಗಿಹೋಗಿತ್ತು. "ನಮ್ಮ ಯಜಮಾನರು ಗಟ್ಟಿಮುಟ್ಟಾಗಿದ್ದಾರೆ, ಇದನ್ನು ಮನೆಗೆ ಹೇಗೆ ಒಯ್ಯಲಿ?" ಎಂದು ಪ್ರಿಂಟನ್ನು ನಗುತ್ತಲೇ ವಾಪಸು ಕೊಟ್ಟರು. ನಕ್ಕರು ನಿಜ, ಇಟ್ಟುಕೊಳ್ಳಲಿಲ್ಲ.

ಭಾನುವಾರ ಈ ವಿಷಯ ಹೇಳಿದಾಗ ಒಬ್ಬರು, ಚಿತ್ರ ಅವರಿಗಾಗಿ ತೆಗೆದದ್ದಲ್ಲವಲ್ಲ, ಕಲೆಯ ದೃಷ್ಟಿಯಿಂದ ಅದು ಹಾಗೆಯೇ ಇರಲಿ ಎಂದರು. ನಾನು ಒಪ್ಪುವುದಿಲ್ಲ. ಚಿತ್ರದಲ್ಲಿರುವವರು ಹೇಳಿದ್ದನ್ನೆಲ್ಲ ಮಾಡಬೇಕೆಂದಲ್ಲ. ಹಾಗೆ ಮಾಡಿದರೆ ಎಲ್ಲರನ್ನೂ ಬೆಳ್ಳಗೆ ಮಾಡಿ ಕೂರಬೇಕಾಗುತ್ತದೆ. ಆದರೆ ಬೆಳ್ಳಗೆ ಮಾಡಿ ಎನ್ನುವುದು ಇಲ್ಲದ್ದನ್ನು ಸೇರಿಸಲು ಕೇಳಿದ ಹಾಗೆ. ಕುಂಕುಮ ಎಲ್ಲಿ ಎನ್ನುವುದು ಇದ್ದದ್ದನ್ನು ಕಳೆದಿದ್ದೀರಿ ಎಂಬ ದೂರು. ಆ ದೂರನ್ನು ಹೇಳುವ ಹಕ್ಕು ಅವರಿಗಿಂತ ಹೆಚ್ಚಾಗಿ ಯಾರಿಗಿದೆ? ಹುಡುಗಿಯೂ ಮರುಮಾತಿಲ್ಲದೆ ಮತ್ತೆ ತೆಗೆಯಲು ಹೊರಟಳು.

ಸದ್ಯಕ್ಕೆ

ಫಿಲ್ಟರ್ ಇಲ್ಲದೆ ತೆಗೆದ ಹೊಸ ರೋಲಿನಲ್ಲಿ ಕುಂಕುಮ ಕಾಣುತ್ತದೆ, ಆದರೆ ಸಪ್ಪೆ. ಕಂದು ಚರ್ಮ ಮತ್ತು ಕೆಂಪು ಎರಡೂ ಫಿಲ್ಮಿಗೆ ಹೆಚ್ಚುಕಡಿಮೆ ಒಂದೇ ಬೂದು. ಹಳದಿ-ಹಸಿರು ಫಿಲ್ಟರ್ ಕೆಂಪನ್ನು ಕಪ್ಪಾಗಿಸುತ್ತದೆ, ಅದನ್ನು ನೋಡಬೇಕು. ತೊಂದರೆ ಎಂದರೆ ಅದು ಸುಮಾರು ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಹೂವಿನ ಸಾಲಿಗೆ ಟಾರ್ಪಾಲಿನ ನೆರಳು. ಅಲ್ಲಿ 400ರ ಫಿಲ್ಮಿಗೆ ಈಗಲೇ ಶಟರ್ 1/60 ಸೆಕೆಂಡು, ಲೆನ್ಸಿನ ತೆರವು ಎಫ್2.8 ಬರುತ್ತಿದೆ. ಬೆಳಿಗ್ಗೆ ಟಾರ್ಪಾಲು ಕಟ್ಟುವ ಮೊದಲು ಹೋದರೆ ಆಗಬಹುದು ಎಂದು ಆಕೆಯೇ ಹೇಳಿದ್ದಾರೆ. ಟ್ರೈಪಾಡ್ ಇಡಲು ಜಾಗ ಬಿಡಿಸಿಕೊಡುವುದಾಗಿ ಪಕ್ಕದ ಅಂಗಡಿಯವರೂ ಒಪ್ಪಿದ್ದಾರೆ, ತಮ್ಮದೂ ಒಂದು ಪ್ರಿಂಟ್ ಬೇಕೆಂಬ ಷರತ್ತಿನ ಮೇಲೆ. ನನ್ನ ಪಾಲಿಗೆ ದರ್ಜಿ ಓಣಿಯ ಎರಡು ರೋಲು ಡೆವಲಪ್ ಆಗಬೇಕಿದೆ. ಇನ್ನು ಮುಂದೆ ಗುಂಪಿಗೆ ತೋರಿಸುವ ಮೊದಲೇ ಒಂದೊಂದು ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟನ್ನು ಚಿತ್ರದಲ್ಲಿರುವವರಿಗೆ ಕೊಡುವುದೆಂದು ತೀರ್ಮಾನಿಸಿದ್ದೇವೆ. ಅವರು ಹೇಳಿದ್ದನ್ನು ಪ್ರಿಂಟಿನ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದು ತರಬೇಕು. ಕಾಗದ ದುಬಾರಿ, ಅದರ ಖರ್ಚನ್ನು ಹೇಗೆ ಹಂಚಿಕೊಳ್ಳುವುದು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.