ಸಿಪೈಥಾನ್‌ಗೆ ಬಿಲ್ಡ್ ಆಯ್ಕೆ ಸೇರಿಸುವಾಗ

ಸಿಪೈಥಾನ್‌ಗೆ (ಸಿ ಭಾಷೆಯಲ್ಲಿ ಬರೆದ ಪೈಥಾನ್‌ನ ಮೂಲ ಇಂಟರ್‌ಪ್ರಿಟರ್) ಹೊಸ ಬಿಲ್ಡ್ ಆಯ್ಕೆ, ಅಂದರೆ ಅದನ್ನು ಕಟ್ಟುವಾಗ ಕೊಡುವ ಸೆಟ್ಟಿಂಗ್, ಸೇರಿಸಲು ಬರೆಯಬೇಕಾದ್ದು ಹತ್ತು ಸಾಲೂ ಇರಲಿಕ್ಕಿಲ್ಲ. ತೊಂದರೆಯೆಂದರೆ ಅವು ಹೋಗಿ ಕೂರಬೇಕಾದ ಜಾಗ ಹಲವು. ಒಂದನ್ನು ಮರೆತರೂ ನಿಮ್ಮ ಯಂತ್ರದಲ್ಲಿ ಎಲ್ಲ ಸರಿಯಾಗಿಯೇ ಓಡುತ್ತದೆ.

ಕೈಯಿಂದ ತಿದ್ದಬೇಕಾದ್ದು ಕಾನ್ಫಿಗರ್.ಎಸಿ ಕಡತವನ್ನು. ಪಕ್ಕದಲ್ಲಿರುವ 'ಕಾನ್ಫಿಗರ್' ಅದರಿಂದ ಆಟೋಕಾನ್ಫ್ ಎಂಬ ಸಾಧನ ಹುಟ್ಟಿಸಿದ, ಕಟ್ಟುವ ಮೊದಲು ಓಡಿಸುವ ಶೆಲ್ ಸ್ಕ್ರಿಪ್ಟ್. ಅದನ್ನೇ ತಿದ್ದಿದರೆ ಬೇರೊಬ್ಬರು ಮತ್ತೆ ಹುಟ್ಟಿಸಿದ ದಿನ ನಿಮ್ಮ ತಿದ್ದುಪಡಿ ಮಾಯ. ಆಟೋಕಾನ್ಫ್ ಆವೃತ್ತಿಯೂ ಯೋಜನೆ ಬಳಸುವುದೇ ಆಗಿರಬೇಕು. ಇಲ್ಲವಾದರೆ ಮೂರು ಸಾಲಿನ ಬದಲಾವಣೆಗೆ ಡಿಫ್ (ಬದಲಾದ ಸಾಲುಗಳ ಪಟ್ಟಿ) ಉಬ್ಬಿ, ಪರಿಶೀಲಿಸುವವರು ಅದರೊಳಗೆ ನಿಮ್ಮ ಸಾಲನ್ನು ಹುಡುಕುತ್ತಾ ಕೂರಬೇಕಾಗುತ್ತದೆ. ಕಂಟೇನರ್ (ಬೇರೆಯಾಗಿಟ್ಟ ಪುಟ್ಟ ಪರಿಸರ) ಓಡಿಸುವ ಡಾಕರ್ ಅಥವಾ ಪಾಡ್‌ಮನ್ ಇದ್ದರೆ 'ಮೇಕ್ ರೀಜೆನ್-ಕಾನ್ಫಿಗರ್' ಕೊಡಿ, ಸರಿಯಾದ ಆವೃತ್ತಿಯಿರುವ ಕಂಟೇನರ್‌ನಲ್ಲೇ ಕೆಲಸ ಮುಗಿಯುತ್ತದೆ. ಸಿ ಮ್ಯಾಕ್ರೋಗಳ ಮಾದರಿಯಿರುವ ಪೈಕಾನ್ಫಿಗ್.ಎಚ್.ಇನ್ ಕಡತವೂ ಆಗಲೇ ಹೊಸದಾಗುತ್ತದೆ. ಅದನ್ನೂ ಅದೇ ಕಮಿಟ್‌ಗೆ ಹಾಕಿ.

ಆಯ್ಕೆ ಆನ್ ಆಗಿದೆಯೆಂದು ಸಿ ಕೋಡ್‌ಗೆ ತಿಳಿಸುವ ಮ್ಯಾಕ್ರೋದ ಹೆಸರನ್ನು ಟೈಪ್ ಮಾಡದೆ ನಕಲಿಸಿ ಅಂಟಿಸುವುದೇ ಲೇಸು. ಅದಿದೆಯೇ ಎಂದು ನೋಡುವ 'ಇಫ್‌ಡೆಫ್' ಸಾಲಿನಲ್ಲಿ ಒಂದಕ್ಷರ ತಪ್ಪಿದರೆ ಕಂಪೈಲರ್ ತುಟಿ ಬಿಚ್ಚುವುದಿಲ್ಲ; ಆ ಭಾಗವನ್ನು ಬಿಟ್ಟು ಮುಂದೆ ಹೋಗುತ್ತದೆ, ಅಷ್ಟೇ.

ವಿಂಡೋಸ್ ಬಿಲ್ಡ್‌ಗೆ ಕಾನ್ಫಿಗರ್‌ನ ಸಂಬಂಧವೇ ಇಲ್ಲ. ಅಲ್ಲಿ ಪಿಸಿಬಿಲ್ಡ್ ಫೋಲ್ಡರ್‌ನ ವಿಷುಯಲ್ ಸ್ಟುಡಿಯೋ ಪ್ರಾಜೆಕ್ಟ್‌ಗಳದ್ದೇ ಆಳ್ವಿಕೆ. ಇಂಟರ್‌ಪ್ರಿಟರ್‌ನ ತಿರುಳಿಗೆ ಹೊಸ ಸಿ ಕಡತ ಸೇರಿದರೆ ಅದರ ಹೆಸರು ಲಿನಕ್ಸ್ ಕಡೆಯ ಮೇಕ್‌ಫೈಲ್.ಪ್ರಿ.ಇನ್ ಮತ್ತು ವಿಂಡೋಸ್ ಕಡೆಯ ಪೈಥಾನ್‌ಕೋರ್ ಪ್ರಾಜೆಕ್ಟ್ ಎರಡರಲ್ಲೂ ಬರಬೇಕು. ಎರಡನೆಯದು ತಪ್ಪಿದರೆ ಲಿನಕ್ಸ್‌ನಲ್ಲಿ ಗೆಲುವು, ವಿಂಡೋಸ್‌ನಲ್ಲಿ ತುಣುಕುಗಳನ್ನು ಜೋಡಿಸುವ ಲಿಂಕರ್‌ನ ದೂರು.

ಪರೀಕ್ಷೆಗೆ ಆಯ್ಕೆಗಳ ಪ್ರತಿ ಸಂಯೋಜನೆಗೂ ಬೇರೆ ಫೋಲ್ಡರ್ ಮಾಡಿ, ಅದರೊಳಗಿಂದ ಮೇಲಿನ ಫೋಲ್ಡರ್‌ನ ಕಾನ್ಫಿಗರ್ ಓಡಿಸಿ. ಮೂಲ ಫೋಲ್ಡರ್‌ನಲ್ಲಿ ಹಳೆಯ ಬಿಲ್ಡ್‌ನ ಕಡತಗಳು ಉಳಿದಿದ್ದರೆ ಮೇಕ್ ಒಪ್ಪುವುದಿಲ್ಲ, ಮೊದಲು ಅಲ್ಲಿ 'ಮೇಕ್ ಕ್ಲೀನ್' ಆಗಬೇಕು. 'ವಿತ್-ಪೈಡೀಬಗ್' ಬಿಲ್ಡ್ ಮೊದಲಿರಲಿ. ಅದರಲ್ಲಿ ಅಸರ್ಟ್‌ಗಳು (ಕೋಡ್ ತನ್ನನ್ನೇ ತಪಾಸಿಸುವ ಸಾಲುಗಳು) ಜೀವಂತ. 'ಎನೇಬಲ್-ಆಪ್ಟಿಮೈಸೇಶನ್ಸ್' ಕೊನೆಗೆ ಸಾಕು: ಒಮ್ಮೆ ಕಟ್ಟಿ, ಪರೀಕ್ಷೆಗಳನ್ನು ಓಡಿಸಿ ಪ್ರೊಫೈಲ್ (ಯಾವ ಭಾಗ ಎಷ್ಟು ಓಡುತ್ತದೆಂಬ ಲೆಕ್ಕ) ತೆಗೆದು, ಮತ್ತೆ ಕಟ್ಟುವುದರಿಂದ ಸಮಯ ತಿನ್ನುತ್ತದೆ.

'ಮೇಕ್' ಯಶಸ್ವಿಯಾದರೂ ಕೊನೆಯ ಸಾಲುಗಳನ್ನು ಓದಿ. ಗೂಢಲಿಪೀಕರಣದ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ಹೆಡರ್‌ಗಳಿಲ್ಲದಿದ್ದರೆ ಎಸ್‌ಎಸ್‌ಎಲ್ ಮಾಡ್ಯೂಲ್ ಕಟ್ಟಲಾಗಲಿಲ್ಲ ಎಂಬ ಮಾತು ಬರುವುದು ಅಲ್ಲೇ.

ಇನ್ನು ಕೈಪಿಡಿ. ಡಾಕ್ ಫೋಲ್ಡರ್‌ನ 'ಯೂಸಿಂಗ್' ಒಳಗಿನ ಕಾನ್ಫಿಗರ್.ಆರ್‌ಎಸ್‌ಟಿ ಕಡತದಲ್ಲಿ ಆಯ್ಕೆಯ ಹೆಸರು, ಪೂರ್ವನಿಯೋಜಿತ ಮೌಲ್ಯ, ಯಾವ ಆವೃತ್ತಿಯಿಂದ ಲಭ್ಯ ಎಂಬ ಮೂರೂ ಬೇಕು. ಜನ ಹೆಚ್ಚಾಗಿ ಬಿಡುವುದು ಎರಡನೆಯದನ್ನು. ಓದುಗರಿಗೆ ಮೊದಲು ಬೇಕಾದ್ದೂ ಅದೇ. ಕೈಪಿಡಿಯ ಪುಟಗಳನ್ನು ಕಟ್ಟುವ ಸ್ಫಿಂಕ್ಸ್ ಸಾಮಾನ್ಯವಾಗಿ ಮುರಿದ ಕೊಂಡಿಗೆ ಎಚ್ಚರಿಕೆ ಕೊಟ್ಟು ಪುಟವನ್ನು ಹೇಗೂ ತಯಾರಿಸಿಬಿಡುತ್ತದೆ. ಎಚ್ಚರಿಕೆಯನ್ನೇ ದೋಷವಾಗಿಸುವ 'ಡಬ್ಲ್ಯೂ' ಆಯ್ಕೆ ಕೊಟ್ಟು ಓಡಿಸಿ. ಬದಲಾವಣೆಯ ಟಿಪ್ಪಣಿ, ಯೋಜನೆಯ ಬದಲಾವಣೆಗಳ ದಾಖಲೆಯಾದ ನ್ಯೂಸ್‌ನ 'ಬಿಲ್ಡ್' ವಿಭಾಗಕ್ಕೆ ಸೇರುತ್ತದೆ, 'ಲೈಬ್ರರಿ'ಗಲ್ಲ.